ಕೆಂಪು ಗಾಜು

ಎಲ್ಲಿ ಕಾಣಬಹುದು ಎಂದು ಕೇಳುತ್ತೀರಿ.
ಮೊದಲು ಆ ಬ್ಯಾಟರಿ ಆರಿಸಿ, ಮಾರಾಯರೆ.
ಅಷ್ಟು ಬೆಳಕಿಗೆ ಹಾರವಾಡದ ದೋಣಿಯವರು
ಯಾರೋ ಮುಳುಗುತ್ತಿದ್ದಾರೆಂದು ಎದ್ದು ಬಂದಾರು.

ನಾನು ಕಾಡು ನೋಡಲು ಬಂದವನಲ್ಲ.
ಜೂನಿನಿಂದ ಅಕ್ಟೋಬರ್ ತನಕ ರಾತ್ರಿ ಪಾಳಿ,
ಹೆಗಲಿಗೆ ಪಟಾಕಿ ಡಬ್ಬಿ, ಕೈಯಲ್ಲಿ ಮೂರು ಬಣ್ಣದ ದೀಪ.
ಗುಡ್ಡ ಜರಿದಿದೆಯೋ, ಹಳಿಗೆ ಕಲ್ಲು ಉರುಳಿದೆಯೋ
ನೋಡುತ್ತ ಸುರಂಗದ ಬಾಯಿಯವರೆಗೆ ನಡೆದು
ಆಚೆಯಿಂದ ಬರುವ ಹಮ್ಮಣ್ಣನ ಕೈಗೆ ಪುಸ್ತಕ ಕೊಟ್ಟು
ಅವನದು ಇಸಿದುಕೊಂಡು ವಾಪಸು.
ಹತ್ತೊಂಬತ್ತು ಮಳೆಗಾಲ.
ನೆಲ ನೋಡುತ್ತ ನಡೆದವನಿಗೆ
ಉಳಿದದ್ದೆಲ್ಲ ಕಣ್ಣಂಚಿನಲ್ಲಿ ಸಿಕ್ಕಿದ್ದು.

ಬಿಳಿ ಬೆಳಕಿಗೆ ಎಲ್ಲವೂ ಓಡುತ್ತವೆ.
ಹಸಿರಿಗೆ ಕಬ್ಬೆಕ್ಕು ಒಮ್ಮೆ ತಿರುಗಿ ನೋಡುತ್ತದೆ, ಅಷ್ಟೆ.
ಗಾಡಿ ಇಲ್ಲದ ಹೊತ್ತು ನೋಡಿ
ಮರದ ಕಡೆಗೆ ಕೆಂಪು ಗಾಜು ತಿರುಗಿಸುತ್ತೇನೆ:
ಮತ್ಸ್ಯಗಂಧ ಉಸಿರುಗಟ್ಟಿ ನಿಲ್ಲುವ ಬಣ್ಣ
ಕಾಡುಪಾಪಕ್ಕೆ ಬರೀ ಕತ್ತಲೆ.
ಅದು ತನ್ನ ಕೆಲಸ ಬಿಡುವುದಿಲ್ಲ.
ಕೈ ಮುಂದಿಟ್ಟು, ಯೋಚಿಸಿ,
ಕಾಲು ಮುಂದಿಟ್ಟು, ಮತ್ತೆ ಯೋಚಿಸಿ,
ಸಾಲ ಕೇಳಲು ಹೊರಟವನ ಹಾಗೆ
ಒಂದು ಹುಳದ ಕಡೆಗೆ ಅರ್ಧ ಗಂಟೆ.
ಅಷ್ಟು ಹೊತ್ತು ನಿಲ್ಲಲು ರೈಲಿನವರು ಸಂಬಳ ಕೊಡುವುದಿಲ್ಲ.
ಆದರೂ ನಿಂತಿದ್ದೇನೆ.

ಮೈ ಬಿಡಿ, ಕಣ್ಣು ಹುಡುಕಿ.
ಎರಡು ಕೆಂಡ ಕೊಂಬೆಯಲ್ಲಿ ಕದಲದಿದ್ದರೆ ಪಾಪ.
ಕೆಂಡವೇ ಈ ಮರದಿಂದ ಆ ಮರಕ್ಕೆ
ಇಳಿಜಾರು ಗೆರೆ ಎಳೆದರೆ ಹಾರುಬೆಕ್ಕು.
ಮೊಣಕಾಲಿಗೂ ಕೆಳಗೆ ಒಂದೇ ಕಣ್ಣು ಹೊಳೆದು
ತಟತಟ ಕಾಲು ಬಡಿದ ಸದ್ದಾದರೆ ಬರಿಂಕ.
ಮೊಲದಷ್ಟೇ ಇರುವುದು, ಜಿಂಕೆಯ ಕುಲ
ಎಂದರೆ ನನ್ನ ಮಗಳೇ ನಂಬಲಿಲ್ಲ.
ಮುಳ್ಳುಹಂದಿಗೆ ಕಣ್ಣು ಬೇಡ, ಅದರ ಗೆಜ್ಜೆ ಸಾಕು.
ನೀರುನಾಯಿ ಇಲ್ಲಿಲ್ಲ; ಅದಕ್ಕೆ ಕಾಳಿ ಸೇತುವೆಯ ಬುಡ,
ಇಳಿತದ ಹೊತ್ತು, ಮೀನುಮುಳ್ಳಿನ ಹಿಕ್ಕೆ ನಾರುವಲ್ಲಿ
ಮೂಗು ಮುಚ್ಚದೆ ಕೂರಬೇಕು.

ಹಾ, ನಿಮ್ಮ ಪೆನ್ನು ನಿಂತಿತು.
ಚಿಪ್ಪುಹಂದಿ ತಾನೆ?

ಮೂರು ವರ್ಷದ ಹಿಂದೆ, ಇದೇ ಮೋರಿಯ ಮೇಲೆ ಕೂತು
ಇನ್ನೊಬ್ಬ ಕೇಳಿದ್ದ, ಇದೇ ಮಾತು, ಇಷ್ಟೇ ಮೆತ್ತಗೆ.
ಬೀಡಿ ಕೊಟ್ಟ. ಮಗಳ ಹೆಸರು ಕೇಳಿದ.
ಹುತ್ತ ಸೀಳಿದ ಜಾಗ, ಕಿಲೋಮೀಟರ್ ಕಲ್ಲಿನ ನಂಬರು
ಎಲ್ಲ ಹೇಳಿದೆ, ಗೊತ್ತಿದ್ದವನ ಹೆಮ್ಮೆಯಲ್ಲಿ.
ಹದಿನೈದು ದಿನಕ್ಕೆ ಆ ಬಿಲದ ಬಾಯಲ್ಲಿ
ಹೊಗೆಯ ಮಸಿ, ಅರೆಸುಟ್ಟ ತೆಂಗಿನ ಸಿಪ್ಪೆ,
ಹೆಬ್ಬೆರಳ ಉಗುರಿನಷ್ಟು ಒಂದು ಚಿಪ್ಪು.
ಹಮ್ಮಣ್ಣ ಅದನ್ನು ಎತ್ತಿ, ನೋಡಿ,
ಸಮುದ್ರದ ಕಡೆಗೆ ಎಸೆದ. ಏನೂ ಅನ್ನಲಿಲ್ಲ.
ಅಂದಿದ್ದರೆ ಒಳ್ಳೆಯದಿತ್ತು.

ಆಮೇಲೂ ಒಂದು ಕಂಡಿದ್ದೇನೆ. ಹೌದು.
ಎರಡು ಹಳಿಯ ನಡುವೆ
ಹಲಸಿನಕಾಯಿಯ ಹಾಗೆ ಸುತ್ತಿಕೊಂಡು;
ಗಾಡಿಗೆ ಹನ್ನೊಂದು ನಿಮಿಷ.
ರೇನ್‌ಕೋಟು ಬಿಚ್ಚಿ ಅದರಲ್ಲಿ ಹೊತ್ತೆ.
ನಿದ್ದೆಹೋದ ಮಗುವಿನ ಭಾರ,
ಒಳಗೆಲ್ಲೋ ಬಡಬಡ ಎದೆ, ನನ್ನದೋ ಅದರದೋ.
ಎಲ್ಲಿ ಬಿಟ್ಟೆ ಎಂದು ಹಮ್ಮಣ್ಣನಿಗೂ ಗೊತ್ತಿಲ್ಲ.
ಪುಸ್ತಕದಲ್ಲಿ ಆ ರಾತ್ರಿಯ ಸಾಲಿಗೆ ಬರೆದೆ:
ಹಳಿ ಸುರಕ್ಷಿತ. ವಿಶೇಷವೇನೂ ಇಲ್ಲ.

ನೀವು ಅವನಲ್ಲ, ಗೊತ್ತು.
ಕ್ಯಾಮೆರಾ ಇದೆ, ಗುರುತಿನ ಚೀಟಿ ಇದೆ, ಚೀಲ ಚಿಕ್ಕದು.
ಆದರೆ ಪ್ರಶ್ನೆ ಅದೇ, ಏನು ಮಾಡಲಿ.

ಬೇಕಾದರೆ ಬೇಲಿಯ ಈಚೆ, ಇಲ್ಲೇ ಕೂರಿ.
ಬೂಟು ಬಿಚ್ಚಿ. ಸೊಳ್ಳೆಗೆಂದು ಹಚ್ಚಿದ್ದು ಒರೆಸಿಕೊಳ್ಳಿ,
ಆ ವಾಸನೆ ಕಾರವಾರದ ತನಕ ಹೋಗುತ್ತದೆ.
ಮತ್ಸ್ಯಗಂಧ ದಾಟಿ, ಸುರಂಗ ಗುಡುಗಿ ಮುಗಿದ ಮೇಲೆ
ಕಪ್ಪೆಗಳು ಒಂದೊಂದಾಗಿ ಮತ್ತೆ ಶುರು ಮಾಡುತ್ತವೆ.
ಅಲ್ಲಿಂದ ಕಾಲು ಗಂಟೆ ನಿಮ್ಮದು.
ಏನಾದರೂ ಬಂದರೆ,
ನಾನು ಹಿಂದಿರುಗುವಾಗ
ನನಗೂ ಹೇಳಬೇಡಿ.